ಪಿಟೀಲು ಚೌಡಯ್ಯನವರ ಏಳು ತಂತಿ: ಏಕೆ, ಹೇಗೆ, ಈಗ ಮಾಡಿಸಬಹುದೇ?

ಪ್ರಶ್ನೆ: ತಂತಿಗುಂಗು

ಎಲ್ಲರಿಗೂ ನಮಸ್ಕಾರ. ಸಂಗೀತ ಶಾಲೆಯ ಮಕ್ಕಳಿಗೆ, ಮಾಮೂಲು ನಾಲ್ಕು ತಂತಿಯ ಬದಲು ಏಳು ತಂತಿಯ ಪಿಟೀಲು ನುಡಿಸಿದ ಕರ್ನಾಟಕ ಸಂಗೀತದ ವಿದ್ವಾಂಸ ಟಿ. ಚೌಡಯ್ಯನವರನ್ನು ಪರಿಚಯಿಸುವ ಒಂದು ಗಂಟೆಯ ಕಾರ್ಯಕ್ರಮಕ್ಕೆ ತಯಾರಿ ನಡೆಸಿದ್ದೇನೆ. ಮಕ್ಕಳು ಜೂನಿಯರ್, ಸೀನಿಯರ್ ಹಂತದವರು, ಅರ್ಧದಷ್ಟು ಮಂದಿ ಪಿಟೀಲು ಕಲಿಯುವವರೇ. ತಿಳಿದವರು ಈ ನಾಲ್ಕು ವಿಷಯಗಳಲ್ಲಿ ಸಹಾಯ ಮಾಡಬೇಕು.

ಒಂದು, ಜೀವನದ ಮುಖ್ಯ ಘಟ್ಟಗಳು, ಧೈರ್ಯವಾಗಿ ಹೇಳಬಹುದಾದ ಇಸವಿಗಳ ಸಮೇತ. ಎರಡು, ಏಳು ತಂತಿ ಯಾಕೆ ಬೇಕಾಯಿತು? "ಸದ್ದು ಹೆಚ್ಚಲಿ ಅಂತ" ಎಂದು ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅಷ್ಟೇನಾ? ಮೂರು, ಶಾಲೆಯಲ್ಲಿ ಬಳಸದೆ ಇಟ್ಟಿರುವ ಹಳೆಯ ಪಿಟೀಲೊಂದಿದೆ. ಅದಕ್ಕೆ ಇನ್ನೂ ಮೂರು ಬಿರಡೆ (ತಂತಿ ಬಿಗಿಯುವ ಗೂಟ) ಕೊರೆದು ಏಳು ತಂತಿ ಕಟ್ಟಿಕೊಡುತ್ತೇನೆ ಎಂದು ರಿಪೇರಿಯವರು ಹೇಳುತ್ತಿದ್ದಾರೆ. ಮಾಡಿಸಬಹುದೇ? ನಾಲ್ಕು, ಹಳೆಯ ಧ್ವನಿಮುದ್ರಣಗಳಲ್ಲಿ ಅದು ಏಳು ತಂತಿ ಎಂದು ಮಕ್ಕಳಿಗೆ ಕಿವಿಯಲ್ಲಿ ಹಿಡಿಸುವುದು ಹೇಗೆ?

ಉತ್ತರ: ಮಂಟಪದ ಮೂಲೆ

ಮೊದಲನೆಯದಕ್ಕೆ ನಾನು ಹೇಳುತ್ತೇನೆ, ವಾದ್ಯದ ಮರಗೆಲಸ ಬಲ್ಲವರು ಉಳಿದದ್ದನ್ನು ನೋಡಿಕೊಳ್ಳಲಿ.

ಹುಟ್ಟಿದ್ದು ತಿರುಮಕೂಡಲು ನರಸೀಪುರದಲ್ಲಿ. ಹೆಸರಿನ ಮುಂದಿನ "ಟಿ" ಆ ಊರಿನದೇ. ಇಸವಿಯನ್ನು ಕೆಲವರು 1894 ಎಂದೂ ಕೆಲವರು 1895 ಎಂದೂ ಬರೆಯುತ್ತಾರೆ, ಆದ್ದರಿಂದ ಫಲಕದ ಮೇಲೆ ದಪ್ಪಕ್ಷರದಲ್ಲಿ ಹಾಕಲು ಹೋಗಬೇಡಿ. ಕಾವೇರಿ, ಕಪಿಲೆ ಸೇರುವ ಜಾಗ ಅದು. ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮ ಎನ್ನುವುದು ವಾಡಿಕೆ. ಚೌಡಯ್ಯನವರು ಮುಂದೆ ರಚನೆಗಳನ್ನು ಮಾಡಿದಾಗ ಇಟ್ಟುಕೊಂಡ ಅಂಕಿತ "ತ್ರಿಮಕುಟ". ಮಕ್ಕಳಿಗೆ ಊರು ಮತ್ತು ಅಂಕಿತವನ್ನು ಒಟ್ಟಿಗೇ ಹೇಳಿಬಿಟ್ಟರೆ ಎರಡೂ ನೆನಪಿರುತ್ತವೆ.

1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರಲ್ಲಿ ಸೇರಿದರು, 1918ರವರೆಗೆ ಗುರುಕುಲವಾಸ. ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ. ಕೃಷ್ಣಪ್ಪನವರು ಪಿಟೀಲು ವಾದಕರಲ್ಲ, ಹಾಡುಗಾರರು. ಮೈಸೂರು ಆಸ್ಥಾನದ ವಿದ್ವಾಂಸರು, ದಾಸರ ಪದಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನ ಕೊಟ್ಟವರು, ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರು. ಹಾಡುಗಾರರ ಬಳಿ ಎಂಟು ವರ್ಷ ಪಿಟೀಲು ಕಲಿತರೆ ಏನಾಗುತ್ತದೆ? ಪಾಠ ಬಾಯಿಂದ ಬರುತ್ತದೆ. ಸಾಹಿತ್ಯದ ಪದ ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಕಾರ್ವೆ (ಸ್ವರ ಹಿಡಿದು ನಿಲ್ಲುವುದು) ಎಷ್ಟು ಹೊತ್ತು ಎನ್ನುವುದಕ್ಕೆ ಕಮಾನು ಹೊಂದಿಕೊಳ್ಳಬೇಕಾಗುತ್ತದೆ. ಚೌಡಯ್ಯನವರ ಉದ್ದ ಕಮಾನಿಗೂ ತುಂಬು ನಾದಕ್ಕೂ ಬೇರು ಅಲ್ಲಿದೆ ಎಂಬುದು ನನ್ನ ಎಣಿಕೆ. ಏಳು ತಂತಿ ಆಮೇಲಿನ ಮಾತು.

ಗುರುಗಳಿಗೆ ಪಕ್ಕವಾದ್ಯ ನುಡಿಸುತ್ತಲೇ ಹೆಸರು ಮಾಡಿದರು. 1927ರ ಹೊತ್ತಿಗೆ ಮುಂಚೂಣಿಯ ಪಕ್ಕವಾದ್ಯಗಾರ, ಏಳು ತಂತಿಯ ಪ್ರಯೋಗ ಆ ಕಾಲದ್ದು. ಗುರುಗಳು ತೀರಿಕೊಂಡದ್ದು 1931ರಲ್ಲಿ. ಅಷ್ಟರೊಳಗೆ ಮೈಸೂರು ಸೀಮೆಯ ಆಚೆಗೂ ಹೆಸರು ಹಬ್ಬಿತ್ತು: ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅಂಥ ಹಾಡುಗಾರರ ಪಕ್ಕದಲ್ಲಿ ಕೂರುವ ಸ್ಥಾನ. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ, ಚೌಡಯ್ಯ, ಈ ಮೂವರನ್ನು ಆ ಕಾಲದ ಪಿಟೀಲಿನ ತ್ರಿಮೂರ್ತಿಗಳು ಎಂದು ಕರೆಯುವುದು ರೂಢಿ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ದ್ವಾರಂ ಅವರಿಗೆ 1941ರಲ್ಲಿ, ರಾಜಮಾಣಿಕ್ಯಂ ಪಿಳ್ಳೈಯವರಿಗೆ 1948ರಲ್ಲಿ, ಚೌಡಯ್ಯನವರಿಗೆ 1957ರಲ್ಲಿ ಬಂತು. ಈ ಮೂರು ಇಸವಿ ಒಟ್ಟಿಗೆ ಬರೆದರೆ ಮಕ್ಕಳಿಗೆ ಆ ಪೀಳಿಗೆಯ ಚಿತ್ರ ಸಿಗುತ್ತದೆ.

ಕಛೇರಿಯ ಹೊರಗಿನ ಕೆಲಸಗಳನ್ನೂ ಮರೆಯಬೇಡಿ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಸ್ಥಾಪಿಸಿದರು. 1943ರಲ್ಲಿ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ಬಂದ "ವಾಣಿ" ಚಿತ್ರದ ಹಿಂದೆ ಇದ್ದವರು ಅವರೇ. ಪಂಡರಿಬಾಯಿಯವರ ಮೊದಲ ಚಿತ್ರ ಅದು. ಶಿಷ್ಯರಲ್ಲಿ ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಇಬ್ಬರ ಹೆಸರಾದರೂ ಹೇಳಿ. ಅಳಗಿರಿಸ್ವಾಮಿಯವರು ತಮಿಳುನಾಡಿನಿಂದ ಬಂದು ಕಲಿತವರು, ಚೌಡಯ್ಯನವರ ಬಾನಿ (ನುಡಿಸುವ ಶೈಲಿ) ಗಡಿ ದಾಟಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತೀರಿಕೊಂಡದ್ದು 1967ರ ಜನವರಿ 19. ನಾಲ್ಕೇ ದಿನದ ನಂತರ, ಜನವರಿ 23ರಂದು, ಅರಿಯಕ್ಕುಡಿಯವರೂ ಹೋದರು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ 1980ರದ್ದು, ಕೆ.ಕೆ. ಮೂರ್ತಿಯವರ ಹಟದ ಫಲ. ಪಿಟೀಲಿನ ಆಕಾರದ ಆ ಕಟ್ಟಡದ ಚಿತ್ರ ತೋರಿಸಿದರೆ ಮಕ್ಕಳು ಬಿರಡೆ, ತಂತಿ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು), ಕಮಾನನ್ನು ತಾವೇ ಗುರುತಿಸುತ್ತಾರೆ. ಐದು ನಿಮಿಷ ಅದಕ್ಕೇ ಇಡಿ.

ಉತ್ತರ: ಬಿರಡೆ ಮತ್ತು ಕುದುರೆ

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ: ಮಾಡಿಸಬೇಡಿ. ಆ ರಿಪೇರಿಯವರ ಕೈಗೆ ವಾದ್ಯ ಕೊಡುವ ಮುನ್ನ ಇದನ್ನು ಓದಿ.

ಬಿರಡೆ ಕೊರೆಯುವುದು ಇದರಲ್ಲಿ ಸುಲಭದ ಕೆಲಸ. ಕಷ್ಟ ಇರುವುದು ಭಾರದಲ್ಲಿ. ಸಾಮಾನ್ಯ ಉಕ್ಕಿನ ತಂತಿಗಳನ್ನು ಪಾಶ್ಚಾತ್ಯ ಶ್ರುತಿಗೆ (ತೆಳು ತಂತಿಯಿಂದ ದಪ್ಪದವರೆಗೆ ಇ, ಎ, ಡಿ, ಜಿ ಸ್ವರಗಳಿಗೆ) ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಹೀಗಿರುತ್ತದೆ: ಇ ತಂತಿ 8 ಕೆಜಿ, ಎ ತಂತಿ 5.5, ಡಿ 4.5, ಜಿ 4.5. ಒಟ್ಟು 22.5 ಕೆಜಿ. ತಂತಿಗಳು ಕುದುರೆಯ ಮೇಲೆ ಹಾದು ಸುಮಾರು 158 ಡಿಗ್ರಿ ಕೋನದಲ್ಲಿ ಬಾಗುತ್ತವೆ. ಆ ಕೋನಕ್ಕೆ ಎಳೆತದ ಶೇಕಡಾ 38ರಷ್ಟು ಕೆಳಮುಖವಾಗಿ ಕುದುರೆಯ ಕಾಲಿನ ಮೂಲಕ ಮೇಲ್ಹಲಗೆಯನ್ನು ಒತ್ತುತ್ತದೆ. ಅಂದರೆ 8.5 ಕೆಜಿ. ಮೇಲ್ಹಲಗೆಯ ದಪ್ಪ ಮೂರು ಮಿಲಿಮೀಟರ್ ಆಸುಪಾಸು, ಅಷ್ಟೇ. ಒಳಗಡೆ ಬಾಸ್ ಬಾರ್ (ಮೇಲ್ಹಲಗೆಗೆ ಅಂಟಿಸಿದ ಉದ್ದ ಪಟ್ಟಿ) ಮತ್ತು ಸೌಂಡ್ ಪೋಸ್ಟ್ (ಎರಡು ಹಲಗೆಗಳ ನಡುವೆ ನಿಲ್ಲಿಸಿದ ಚಿಕ್ಕ ಕಂಬ) ಇರುವುದರಿಂದ ಅದು ತಡೆದುಕೊಳ್ಳುತ್ತದೆ.

ಈಗ ಏಳು ತಂತಿಯ ಲೆಕ್ಕ. ಜಿ ಶ್ರುತಿ (ಷಡ್ಜ ಜಿ ಸ್ವರದಲ್ಲಿ) ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ. ನಮ್ಮ ಸಂಗೀತದಲ್ಲಿ ಮಾಡುವಂತೆ ಷಡ್ಜ-ಪಂಚಮ-ಷಡ್ಜ-ಪಂಚಮ (ಸ-ಪ-ಸ-ಪ) ಎಂದು ಸೇರಿಸಿದಾಗ ಕೆಳಗಿನ ಎರಡು ತಂತಿ ಪಾಶ್ಚಾತ್ಯ ಶ್ರುತಿಯಲ್ಲೇ ಇರುತ್ತವೆ, ಎ ತಂತಿ ಜಿಗೂ ಇ ತಂತಿ ಡಿಗೂ ಇಳಿಯುತ್ತವೆ. ಎಳೆತವು ಆವರ್ತನದ ವರ್ಗಕ್ಕೆ ಅನುಗುಣ, ಎರಡು ಸ್ವರಸ್ಥಾನ (ಒಂದು ಸ್ಥಾಯಿಯಲ್ಲಿ ಇವು ಹನ್ನೆರಡು) ಇಳಿದರೆ ಸುಮಾರು ಶೇಕಡಾ 79ಕ್ಕೆ ಬರುತ್ತದೆ. ಹಾಗಾಗಿ ನಾಲ್ಕು ತಂತಿಯ ಮೊತ್ತ 19.7 ಕೆಜಿ. ಇದಕ್ಕೆ ಮೇಲಿನ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿಯನ್ನು ಸ್ಥಾಯಿ ಅಂತರದಲ್ಲಿ ಸೇರಿಸಿದರೆ 4.5, 4.5, 6.3 ಎಂದು ಇನ್ನೂ 15 ಕೆಜಿಗೆ ಮೇಲೆ. ಒಟ್ಟು 35 ಕೆಜಿ. ಮೇಲ್ಹಲಗೆಯ ಮೇಲೆ 13 ಕೆಜಿಗೂ ಹೆಚ್ಚು.

ಹಳೆಯ ಶಾಲಾ ಪಿಟೀಲಿನ ಗತಿ ಏನಾಗುತ್ತದೆ ಎಂದರೆ, ಮೊದಲು ಕುತ್ತಿಗೆ ಮುಂದಕ್ಕೆ ಬಾಗಿ ತಂತಿ ಬೆರಳುಹಲಗೆಯಿಂದ ಮೇಲೇಳುತ್ತದೆ. ಒತ್ತಲು ಕಷ್ಟ ಎಂದು ಕುದುರೆ ಕಡಿಮೆ ಮಾಡುತ್ತಾರೆ, ನಾದ ಸೊರಗುತ್ತದೆ. ಆಮೇಲೆ ಬಾಸ್ ಬಾರ್ ಕಡೆಯ ಮೇಲ್ಹಲಗೆ ಕುಸಿಯುತ್ತದೆ. ಕೊನೆಗೆ ಸೌಂಡ್ ಪೋಸ್ಟಿನ ತಲೆಯ ಮೇಲೆ ಉದ್ದುದ್ದಕ್ಕೆ ಬಿರುಕು. ಆ ಬಿರುಕನ್ನು ಸರಿಪಡಿಸಲು ಮೇಲ್ಹಲಗೆ ಬಿಚ್ಚಿ ಒಳಗೆ ತೇಪೆ ಕೂರಿಸಬೇಕು. ಅಗ್ಗದ ವಾದ್ಯಕ್ಕೆ ಆ ಖರ್ಚು ಯಾರೂ ಮಾಡುವುದಿಲ್ಲ, ವಾದ್ಯ ಹೋಯಿತು ಎಂದೇ ಲೆಕ್ಕ.

ಬಿರಡೆ ಪೆಟ್ಟಿಗೆಯದು ಇನ್ನೊಂದು ಕಥೆ. ಬಿರಡೆಯ ಓರೆ ಮೂವತ್ತಕ್ಕೆ ಒಂದು. ಪೆಟ್ಟಿಗೆಯ ಗೋಡೆಯಲ್ಲಿ 8 ಮಿಲಿಮೀಟರ್ ಹತ್ತಿರದ ರಂಧ್ರ. ನಾಲ್ಕಕ್ಕೆಂದು ಮಾಡಿದ 7 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಏಳು ರಂಧ್ರ ಕೊರೆದರೆ ನಡುವೆ ಉಳಿಯುವ ಮರ ಬೆಣೆಯಂತೆ ತಳ್ಳುವ ಬಿರಡೆಗಳನ್ನು ತಾಳುವುದಿಲ್ಲ, ಎಳೆಯ ಗುಂಟ ಸೀಳುತ್ತದೆ. ಒಳಗೆ ತಂತಿಗಳು ಬೇರೆ ಬಿರಡೆಗಳನ್ನು ಉಜ್ಜುತ್ತವೆ, ಒಂದನ್ನು ತಿರುಗಿಸಿದರೆ ಪಕ್ಕದ್ದು ಕದಲುತ್ತದೆ. ಏಳು ತಂತಿಯ ವಾದ್ಯವನ್ನು ಮೊದಲಿನಿಂದಲೇ ಹಾಗೆಂದು ಕಟ್ಟಬೇಕು: ಉದ್ದದ ಪೆಟ್ಟಿಗೆ, ಅಗಲದ ಕುತ್ತಿಗೆ, ಗಟ್ಟಿ ಬಾಸ್ ಬಾರ್. ಅಗಲ ಎಷ್ಟು ಎಂದರೆ, ಸಾಮಾನ್ಯ ಪಿಟೀಲಿನ ಮೇಲ್ತುದಿಯಲ್ಲಿ (ಬಿರಡೆ ಪೆಟ್ಟಿಗೆಯ ಕಡೆ) ಮೊದಲ ತಂತಿಗೂ ಕೊನೆಯ ತಂತಿಗೂ ಅಂತರ 16.5 ಮಿಲಿಮೀಟರ್. ಜೋಡಿಯೊಳಗೆ 2 ಮಿಲಿಮೀಟರಾದರೂ ಬೇಕು, ಇಲ್ಲದಿದ್ದರೆ ತಂತಿಗಳು ಕಂಪಿಸುವಾಗ ಒಂದಕ್ಕೊಂದು ಬಡಿದು ಕಿರ್ ಎನ್ನುತ್ತವೆ. ಮೂರು ಜೋಡಿಗೆ 6 ಹೋಯಿತು, ಉಳಿದ 10.5 ಅನ್ನು ಮೂರು ಸಂದಿಗೆ ಹಂಚಿದರೆ ತಲಾ 3.5. ಅಷ್ಟು ಇಕ್ಕಟ್ಟಿನಲ್ಲಿ ಪಂಚಮದ ಮೇಲಿಟ್ಟ ಬೆರಳು ಪಕ್ಕದ ಷಡ್ಜವನ್ನು ಮುಟ್ಟಿಯೇ ಮುಟ್ಟುತ್ತದೆ. ಆದ್ದರಿಂದ 20 ಮಿಲಿಮೀಟರಿಗೆ ಅಗಲಿಸಬೇಕು, ಆಗ ಎಡಗೈ ಹಿಡಿತವೇ ಬದಲಾಗುತ್ತದೆ.

ಕುದುರೆಯ ಮೇಲೆ ಇನ್ನೂ ಸೂಕ್ಷ್ಮ. ಪಿಟೀಲಿನ ಕುದುರೆ ಕಮಾನಾಗಿ ಬಾಗಿರುವುದರಿಂದಲೇ ಒಂದೊಂದು ತಂತಿಯನ್ನು ಬಿಡಿಯಾಗಿ ನುಡಿಸಲು ಆಗುವುದು. ಜೋಡಿ ಕಟ್ಟಿದಾಗ ಎರಡನ್ನೂ ಕಮಾನು ಒಂದೇ ಒತ್ತಡದಲ್ಲಿ ಮುಟ್ಟಬೇಕು. ಹಾಗಾಗಿ ಆ ಬಾಗನ್ನು ನಾಲ್ಕು ಚಿಕ್ಕ ಚಪ್ಪಟೆ ಮುಖಗಳಾಗಿ ಕಡೆಯಬೇಕು. ದಪ್ಪ ತಂತಿಯ ಕಚ್ಚು ಆಳ, ತೆಳು ತಂತಿಯದು ಮೇಲೆ, ಎರಡರ ನೆತ್ತಿಯೂ ಒಂದೇ ಮಟ್ಟ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಒಂದು ತಂತಿ ಮಾತ್ರ ನುಡಿಯುತ್ತದೆ, ಇನ್ನೊಂದು ಸಿಳ್ಳೆ ಹಾಕುತ್ತದೆ.

ನಾಲ್ಕನೆಯ, ಅಂದರೆ ಅತಿ ಕೆಳಗಿನ ತಂತಿಯನ್ನು ಒಂಟಿ ಬಿಡುವುದೇ ಜಾಣತನ. ಅದಕ್ಕೂ ಕೆಳಸ್ಥಾಯಿಯ ಜೊತೆ ಕಟ್ಟಬೇಕೆಂದರೆ 33 ಸೆಂಟಿಮೀಟರ್ ಉದ್ದದಲ್ಲಿ ಅಷ್ಟು ತಗ್ಗಿನ ಸ್ವರಕ್ಕೆ ಬೇಕಾದ ತಂತಿ ಹಗ್ಗದಷ್ಟು ದಪ್ಪವಾಗಿ ಕಮಾನಿಗೆ ಮಾತೇ ಆಡುವುದಿಲ್ಲ.

ಉತ್ತರ: ಜಮಖಾನೆ

ಎರಡನೆಯ ಪ್ರಶ್ನೆಗೆ. "ಸದ್ದು ಹೆಚ್ಚಲಿ ಅಂತ" ಎಂಬುದು ತಪ್ಪಲ್ಲ, ಆದರೆ ಅರ್ಧ.

ಆಗಿನ ಸನ್ನಿವೇಶ ಕಲ್ಪಿಸಿಕೊಳ್ಳಿ. ಮೈಕ್ ಇಲ್ಲ. ರಾಮೋತ್ಸವದ ಚಪ್ಪರ, ಸುತ್ತ ಗೋಡೆ ಇಲ್ಲ, ನೆಲಕ್ಕೆ ಚಾಪೆ ಜಮಖಾನೆ, ಸಾಲುಸಾಲು ಜನ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 3 ಮೀಟರಿನಲ್ಲಿ ಕೂತವರಿಗೆ ಕೇಳಿದ್ದಕ್ಕಿಂತ 24 ಮೀಟರಿನಲ್ಲಿ ಕೂತವರಿಗೆ 18 ಡೆಸಿಬೆಲ್ ಕಡಿಮೆ. ಹಾಡುವವರಿಗೆ ಆಗ ಎತ್ತರದ ಶ್ರುತಿಯೂ ಬಿಟ್ಟ ಕಂಠವೂ ಇದ್ದವು, ಅವರು ತಲುಪುತ್ತಿದ್ದರು. ಪಿಟೀಲಿಗೆ ಎರಡು ಅನನುಕೂಲ. ನಾವು ಚಕ್ಕಂಬಟ್ಟಲು ಹಾಕಿ ಕೂತು, ವಾದ್ಯದ ತಲೆಯನ್ನು ಬಲಪಾದದ ಗಿಣ್ಣಿನ ಮೇಲೆ ಊರಿ ನುಡಿಸುತ್ತೇವೆ. ನಾದ ಹೊರಡುವುದೇ ನೆಲದ ಹತ್ತಿರದಿಂದ, ಮುಂದಿನ ಸಾಲಿನವರ ಮೈ ಬಟ್ಟೆ ಅದನ್ನು ಹೀರಿಬಿಡುತ್ತದೆ. ಜೊತೆಗೆ ಹಾಡುಗಾರರ ಶ್ರುತಿಗೆಂದು ತಂತಿ ಇಳಿಸಿದಾಗ ಎಳೆತ ಕುಗ್ಗಿ ಹೊಳಪು ಹೋಗುತ್ತದೆ. ಮೇಲೆ ಹೇಳಿದ ವರ್ಗದ ಲೆಕ್ಕದಲ್ಲೇ ನೋಡಿ: ಇ ತಂತಿಯನ್ನು ಐದು ಸ್ವರಸ್ಥಾನ ಇಳಿಸಿ ಬಿ ಸ್ವರಕ್ಕೆ ತಂದರೆ ಉಳಿಯುವ ಎಳೆತ ಶೇಕಡಾ 56. ಪುರುಷ ಕಂಠದ ಶ್ರುತಿಗೆ ಇನ್ನೂ ಇಳಿಯಬೇಕು.

ಇನ್ನು ಏಳು ತಂತಿ ಇದಕ್ಕೆ ಏನು ಮಾಡಿತು? ಸಮಶಕ್ತಿಯ ಎರಡು ಮೂಲ ಸೇರಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ "ಎರಡರಷ್ಟಾಯಿತು" ಅನಿಸಲು ಸುಮಾರು 10 ಬೇಕು. ಅದೂ ಕಮಾನಿನ ಕೈಬಲ ಎರಡು ತಂತಿಗೆ ಹಂಚಿಹೋಗುವುದರಿಂದ ಆ 3 ಕೂಡ ಪೂರ್ತಿ ಸಿಗುವುದಿಲ್ಲ, ಒತ್ತಿ ನುಡಿಸುವ ತೋಳು ಬೇಕು. ನಿಜವಾದ ಲಾಭ ನಾದದ ಬಣ್ಣದಲ್ಲಿ. ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಬಂದಾಗ ಮೇಲಿನದು ದೂರಕ್ಕೆ ಹೊಳಪು ಕೊಡುತ್ತದೆ, ಕೆಳಗಿನದು ಮೈ ಕೊಡುತ್ತದೆ. ಹಾಡುಗಾರರ ಧ್ವನಿಗೆ ಅಂಟಿಕೊಂಡೂ ಅದರಲ್ಲಿ ಮುಳುಗದೆ ಬೇರೆಯಾಗಿ ಕೇಳುತ್ತದೆ. ಹಿಂದಿನ ಸಾಲಿನವರಿಗೆ ಬೇಕಾದದ್ದು ಅದೇ.

ಮೈಕ್ ಬಂತು, ಏಳು ತಂತಿ ಹೋಯಿತು ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಮೈಕ್ ಬಂದ ಮೇಲೂ ಚೌಡಯ್ಯನವರು ಅದನ್ನು ಬಿಡಲಿಲ್ಲ. ಸದ್ದಿನ ಉಪಾಯವಾಗಿ ಶುರುವಾದದ್ದು ಅವರ ನಾದವೇ ಆಗಿಹೋಗಿತ್ತು. ಉಳಿದವರು ಹಿಡಿಯದೆ ಹೋದದ್ದಕ್ಕೆ ಕಾರಣ ಬೇರೆ, ಅದು ಎಡಗೈಯಲ್ಲಿದೆ.

ಜೋಡಿ ತಂತಿಯಲ್ಲಿ ಒಂದು ಬೆರಳು ಎರಡನ್ನೂ ಒತ್ತಬೇಕು. ತೆಳುವಾದ ತಂತಿ 0.26 ಮಿಲಿಮೀಟರ್, ಅದರ ಜೊತೆಯದು 0.8 ಹತ್ತಿರ. ಒತ್ತಿದಾಗ ಎರಡರ ಎಳೆತವೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ, ದಪ್ಪದ್ದರ ಸ್ವರ ತುಸು ಹೆಚ್ಚು ಏರಿಬಿಡುತ್ತದೆ. ಬಿಟ್ಟ (ಬೆರಳಿಡದ) ತಂತಿಯಲ್ಲಿ ಶುದ್ಧವಾಗಿ ಸೇರಿದ ಜೋಡಿ ತಾರಸ್ಥಾಯಿಗೆ ಹೋದಂತೆ ಬಿರಿಯುತ್ತದೆ. 400 ಹರ್ಟ್ಸ್ ಸ್ವರದಲ್ಲಿ 5 ಸೆಂಟ್ ವ್ಯತ್ಯಾಸವಾದರೆ ಸೆಕೆಂಡಿಗೆ ಒಂದು ಅಲೆ ಏಳುತ್ತದೆ (ಒಂದು ಸ್ವರಸ್ಥಾನಕ್ಕೆ 100 ಸೆಂಟ್). ನಿಧಾನದ ಕಾರ್ವೆಯಲ್ಲಿ ಆ ಅಲೆ ಚಂದ. 15 ಸೆಂಟಾದರೆ ಅಪಸ್ವರ. ಈಗ ಇದರ ಮೇಲೆ ತೋಡಿ ರಾಗದ ಗಾಂಧಾರದ ಕಂಪಿತ (ಸ್ವರವನ್ನು ಅಲುಗಿಸುವ ಗಮಕ), ಬೇಗಡೆ ರಾಗದ ನಿಷಾದ ಹಾಕಿ ನೋಡಿ. ಉದ್ದನೆಯ ಜಾರಿನಲ್ಲಿ ಬೆರಳಿನ ಕೋನ ಸ್ವಲ್ಪ ತಿರುಗಿದರೂ ಒಂದು ತಂತಿ ಮುಂದೆ ಹೋಗಿ ಇನ್ನೊಂದು ಹಿಂದುಳಿಯುತ್ತದೆ. ನಾಲ್ಕು ತಂತಿಯಲ್ಲಿ ಬೆರಳ ತುದಿ ಸಾಕು, ಇಲ್ಲಿ ಬೆರಳನ್ನು ಚಪ್ಪಟೆಯಾಗಿ, ತಂತಿಗೆ ನೇರ ಅಡ್ಡಲಾಗಿ ಇಟ್ಟುಕೊಂಡೇ ಓಡಬೇಕು. ಅದನ್ನು ಕಛೇರಿ ಪೂರ್ತಿ ಮಾಡುವವರು ಎಷ್ಟು ಮಂದಿ ಇದ್ದಾರು?

ಉತ್ತರ: ಮಂಟಪದ ಮೂಲೆ

ಜಮಖಾನೆಯವರ ಮಾತಿಗೆ ಒಂದು ಸೇರ್ಪಡೆ. ಈ ನಾದ ಎಲ್ಲರ ಪಕ್ಕಕ್ಕೂ ಒಪ್ಪುವಂಥದ್ದಲ್ಲ. ಚೆಂಬೈಯವರ ತುಂಬು ಕಂಠಕ್ಕೆ ಅದು ಸರಿಸಾಟಿ. ಚೆಂಬೈ, ಚೌಡಯ್ಯ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಎಂಬ ಮೂವರ ಕೂಟ ಅಷ್ಟು ಹೆಸರಾದದ್ದು ಸುಮ್ಮನೆ ಅಲ್ಲ. ಮೆಲುದನಿಯ ಹಾಡುಗಾರರ ಪಕ್ಕದಲ್ಲಿ ಅದೇ ನಾದ ಹೊರೆಯಾಗುವ ಅಪಾಯವಿದೆ. ದ್ವಾರಂ ಅವರ ನಾಲ್ಕು ತಂತಿಯ ನುಣುಪನ್ನು ಪಕ್ಕದಲ್ಲಿಟ್ಟು ಕೇಳಿಸಿ, ಎರಡು ಬಗೆಯ ಉತ್ತರ ಇದ್ದವು ಎಂದು ಮಕ್ಕಳಿಗೆ ಗೊತ್ತಾಗಲಿ. ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವ ಚಾಳಿ ಮಾತ್ರ ಬೇಡ.

ಉತ್ತರ: ಅನುಮಂದ್ರ

ಧ್ವನಿಮುದ್ರಣದಲ್ಲಿ ಗುರುತಿಸುವ ಬಗೆ. ರಾಗಾಲಾಪನೆಯ ವೇಗದ ಭಾಗ ಹಾಕಬೇಡಿ, ಅಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

ಮೊದಲು ಕೃತಿಗಳ ನಡುವೆ ಶ್ರುತಿ ನೋಡಿಕೊಳ್ಳುವ ಕ್ಷಣಗಳನ್ನು ಹುಡುಕಿ. ತಂತಿಯನ್ನು ಬೆರಳಿನಲ್ಲಿ ಮೀಟಿದಾಗ ಜೋಡಿ ಒಟ್ಟಿಗೆ ಅಲ್ಲ, ಒಂದರ ಹಿಂದೆ ಒಂದು ಅಂಟಿಕೊಂಡಂತೆ ಕೇಳುತ್ತದೆ. ಅದು ತಪ್ಪದ ಗುರುತು. ಎರಡನೆಯದು ಉದ್ದ ಕಾರ್ವೆ: ಷಡ್ಜ ಅಥವಾ ಪಂಚಮದ ಮೇಲೆ ಕಮಾನು ನಿಂತಾಗ, ಹಾಡುಗಾರರ ಸ್ವರದ ಕೆಳಗೊಂದು ಸ್ಥಾಯಿಯಲ್ಲಿ ಇನ್ನೊಂದು ಪಿಟೀಲು ನುಡಿಯುತ್ತಿದೆಯೇನೋ ಅನಿಸುತ್ತದೆ, ನಿಧಾನದ ಅಲೆಯೊಂದು ಬರುತ್ತದೆ. ಮೂರನೆಯದು ಸ್ವರ ಮುಗಿಯುವ ತುದಿ. ಕಮಾನು ಎತ್ತಿದ ಮೇಲೆ ದಪ್ಪ ತಂತಿ ಕ್ಷಣಕಾಲ ಹೆಚ್ಚು ಗುಂಯ್‌ಗುಡುತ್ತದೆ.

ಒಂದು ಎಚ್ಚರಿಕೆ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಮೇಲಿನ ಆವರ್ತನಗಳು ಬಹುಪಾಲು ಉಳಿದಿರುವುದಿಲ್ಲ, ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಕೆಳಗಿನವೂ ಹೋಗುತ್ತವೆ. ಎರಡೂ ತುದಿ ಕತ್ತರಿಸಿದ ಮೇಲೆ ಏಳು ತಂತಿಯೂ ನಾಲ್ಕರಂತೆಯೇ ಕೇಳುತ್ತದೆ. ದೊಡ್ಡ ಸ್ಪೀಕರ್ ಅಥವಾ ಹೆಡ್‌ಫೋನ್ ಇಲ್ಲದೆ ಈ ಭಾಗ ಇಟ್ಟುಕೊಳ್ಳಬೇಡಿ. 78 ಆರ್‌ಪಿಎಂ ತಟ್ಟೆ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ, ಅಲ್ಲಿ ಪಕ್ಕವಾದ್ಯಕ್ಕೆ ಜಾಗವೇ ಕಡಿಮೆ. ಆಕಾಶವಾಣಿಯ ಪೂರ್ಣ ಕಛೇರಿಗಳೇ ಒಳ್ಳೆಯದು.

ಪ್ರಶ್ನೆ ಕೇಳಿದವರು: ತಂತಿಗುಂಗು

ಎಲ್ಲರಿಗೂ ತುಂಬಾ ಧನ್ಯವಾದ. ಬಿರಡೆ ಕೊರೆಸುವ ಯೋಚನೆ ಬಿಟ್ಟೆ. ಆದರೆ ಮಕ್ಕಳ ಕಿವಿಯ ಪಕ್ಕದಲ್ಲೇ ಆ ಜೋಡಿನಾದ ಕೇಳಿಸುವ ಬೇರೆ ದಾರಿ ಇದೆಯೇ? ಎರಡು ಪಿಟೀಲು ಒಟ್ಟಿಗೆ ನುಡಿಸಿದರೆ ಸಾಕೇ?

ಉತ್ತರ: ಬಿರಡೆ ಮತ್ತು ಕುದುರೆ

ಎರಡು ಪಿಟೀಲು ಎಂದರೆ ಎರಡು ಕೈ, ಎರಡು ಗಮಕ. ಸ್ಥಾಯಿಯ ಅಂತರ ತಿಳಿಯುತ್ತದೆ, ಒಂದೇ ಬೆರಳು ಎರಡು ತಂತಿಯನ್ನು ಎಳೆದಾಡುವ ಕಷ್ಟ ತಿಳಿಯುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ: ಅದೇ ಹಳೆಯ ಪಿಟೀಲನ್ನು ನಾಲ್ಕು ತಂತಿಯಲ್ಲೇ ಎರಡು ಜೋಡಿಯಾಗಿ ಕಟ್ಟಿ. ಹೊಸ ರಂಧ್ರ ಒಂದೂ ಬೇಡ, ತಂತಿಗಳೂ ಅಂಗಡಿಯ ಮಾಮೂಲು ಸೆಟ್ಟೇ.

ಜಿ ಶ್ರುತಿಗೆ ಸೇರಿಸುವುದಾದರೆ ಜಿ ತಂತಿ ಮಂದ್ರ (ಕೆಳಸ್ಥಾಯಿಯ) ಷಡ್ಜ, ಎ ತಂತಿ ಎರಡು ಸ್ವರಸ್ಥಾನ ಇಳಿದು ಮಧ್ಯ ಷಡ್ಜ. ಇವೆರಡು ಒಂದು ಜೋಡಿ. ಡಿ ತಂತಿ ಮಂದ್ರ ಪಂಚಮ, ಇ ತಂತಿ ಎರಡು ಸ್ವರಸ್ಥಾನ ಇಳಿದು ಮಧ್ಯ ಪಂಚಮ. ಇವು ಇನ್ನೊಂದು ಜೋಡಿ. ಅಂದರೆ ನಡುವಿನ ಎರಡು ತಂತಿ ಜಾಗ ಬದಲಿಸಿಕೊಂಡರೆ ಆಯಿತು. ಎಡದಿಂದ ಜಿ, ಎ, ಡಿ, ಇ. ಒಟ್ಟು ಎಳೆತ ಆಗಲೇ ಲೆಕ್ಕ ಹಾಕಿದ 19.7 ಕೆಜಿ, ಮಾಮೂಲಿಗಿಂತ ಕಡಿಮೆ. ವಾದ್ಯಕ್ಕೆ ಧಕ್ಕೆ ಇಲ್ಲ.

ಬೇಕಾದದ್ದು ಒಂದು ಹೆಚ್ಚುವರಿ ಕುದುರೆ, ಮೇಲ್ತುದಿಗೆ ಒಂದು ಹೊಸ ಕಚ್ಚುಪಟ್ಟಿ (ತಂತಿಗಳು ಕೂರುವ ಗೀರುಗಳಿರುವ ಪಟ್ಟಿ). ಹಳೆಯವನ್ನು ಕೊರೆಯಬೇಡಿ, ಎತ್ತಿಟ್ಟುಕೊಳ್ಳಿ, ಕಾರ್ಯಕ್ರಮದ ನಂತರ ವಾಪಸು ಹಾಕಬಹುದು. ಮೇಲ್ತುದಿಯಲ್ಲಿ ಜೋಡಿಯೊಳಗೆ 2 ಮಿಲಿಮೀಟರ್, ಕುದುರೆಯ ಮೇಲೆ 3 ಮಿಲಿಮೀಟರ್. ಎರಡು ಜೋಡಿಯ ನಡುವೆ ಮೇಲ್ತುದಿಯಲ್ಲಿ 8, ಕುದುರೆಯ ಮೇಲೆ 14. ಕಚ್ಚಿನ ಆಳ ತಂತಿಯ ಅರ್ಧ ದಪ್ಪ ಸಾಕು, ಆಳವಾದರೆ ತಂತಿ ಸಿಕ್ಕಿಕೊಂಡು ಶ್ರುತಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ. ಇ ತಂತಿ ಮರವನ್ನು ಕೊಯ್ಯುವುದರಿಂದ ಅದರ ಕೆಳಗೆ ಚೂರು ಚರ್ಮ ಅಂಟಿಸಿ.

ಕುದುರೆ ಬದಲಿಸುವಾಗ ನಾಲ್ಕೂ ತಂತಿಯನ್ನು ಒಮ್ಮೆಗೇ ಸಡಿಲ ಬಿಡಬೇಡಿ, ಸೌಂಡ್ ಪೋಸ್ಟ್ ಬಿದ್ದುಹೋಗುತ್ತದೆ. ವಾದ್ಯವನ್ನು ಬಟ್ಟೆಯ ಮೇಲೆ ಮಲಗಿಸಿ, ಹೊರಗಿನ ಎರಡು ತಂತಿಯಲ್ಲಿ ಸ್ವಲ್ಪ ಬಿಗಿ ಉಳಿಸಿಕೊಂಡು, ಹಳೆಯ ಕುದುರೆಯ ಪಕ್ಕದಲ್ಲೇ ಹೊಸದನ್ನು ಒಳಗೆ ತೂರಿಸಿ ಆಮೇಲೆ ಹಳೆಯದನ್ನು ತೆಗೆಯಿರಿ. ಹೊಸದು ಮೇಲ್ಹಲಗೆಯ ಎಫ್ ಆಕಾರದ ರಂಧ್ರಗಳ ಒಳಗಿನ ಕಚ್ಚಿನ ನೇರಕ್ಕೆ ನಿಲ್ಲಬೇಕು. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ತುಂಡು) ಕಡೆಯ ಮುಖ ನೆಟ್ಟಗಿರಲಿ. ತಂತಿ ಬಿಗಿಯುವಾಗಲೆಲ್ಲ ಕುದುರೆಯ ತಲೆ ಮುಂದಕ್ಕೆ ವಾಲುತ್ತದೆ, ಪ್ರತಿ ಸುತ್ತಿಗೂ ಎರಡು ಕೈಯಲ್ಲಿ ಹಿಂದಕ್ಕೆ ಸರಿಪಡಿಸಿ.

ಶ್ರುತಿ ಸೇರಿಸುವ ಕ್ರಮ: ದಪ್ಪ ತಂತಿ ಮೊದಲು, ಅದರ ಜೊತೆಯದನ್ನು ಬಟ್ಟೆಯ ಚೂರಿನಿಂದ ಮುಚ್ಚಿ. ಅದು ತಂಬೂರಿಗೆ ಸೇರಿದ ಮೇಲೆ ಬಟ್ಟೆ ತೆಗೆದು ತೆಳುವಾದದ್ದನ್ನು ಅಲೆ ನಿಲ್ಲುವ ತನಕ ಏರಿಸಿ. ಎರಡನೆಯ ಜೋಡಿ ಬಿಗಿಯುತ್ತಿದ್ದಂತೆ ಮೇಲ್ಹಲಗೆ ಬಾಗಿ ಮೊದಲನೆಯದು ಇಳಿದಿರುತ್ತದೆ, ಮತ್ತೆ ಮೊದಲಿನಿಂದ. ಮೂರು ಸುತ್ತು ಬೇಕೇ ಬೇಕು. ಹೊಸ ತಂತಿಯಾದರೆ ಒಂದೆರಡು ದಿನ ಮೊದಲೇ ಕಟ್ಟಿಡಿ, ಅವು ಹಿಗ್ಗಿ ನಿಲ್ಲಲು ಸಮಯ ಬೇಕು.

ಉತ್ತರ: ಜಮಖಾನೆ

ಇದು ಒಳ್ಳೆಯ ಉಪಾಯ. ನುಡಿಸುವಾಗ ಮೊದಲು ಬಿಟ್ಟ ತಂತಿ, ಆಮೇಲೆ ಮಾಯಾಮಾಳವಗೌಳ ರಾಗದ ಸರಳೆ (ಮೊದಲ ಪಾಠದ ಸ್ವರಗಳು) ವಿಳಂಬದಲ್ಲಿ. ಅದರ ಅಂತರ ಗಾಂಧಾರದಲ್ಲಿ ಜೋಡಿ ಒಡೆಯುವುದು ಮಕ್ಕಳಿಗೇ ಕೇಳುತ್ತದೆ. ಅದಾದ ಮೇಲೆ ಪಿಟೀಲು ಕಲಿಯುವ ಒಬ್ಬರ ಕೈಗೆ ಕೊಟ್ಟು ತೋಡಿಯ ಗಾಂಧಾರ ಹಿಡಿಯಲು ಹೇಳಿ. ಕಮಾನಿಗೆ ರಾಳ ಮಾಮೂಲಿಗಿಂತ ಸ್ವಲ್ಪ ಹೆಚ್ಚೇ ಹಚ್ಚಿರಿ, ಎರಡು ತಂತಿಯನ್ನು ಒಟ್ಟಿಗೆ ಕಚ್ಚಿ ಹಿಡಿಯಬೇಕಲ್ಲ.